ಕತ್ತರಿ ಸಪ್ಪಳ

ಸೊಲ್ಲಾಪುರದಾಗ ನಮ್ಮ ಚಾಳಿಗೆ ಹದಿನಾಕು ಬಾಗಲಾ.
ಯಾರ ಚಪ್ಪಲ್ ಯಾವ ಹೊತ್ತಿನಾಗ ಹೊರಗ ಬಿದ್ದಿರ್ತಾವ
ನಮ್ಮ ರೇವಣಗ ಗೊತ್ತು.
ಬಿದ್ದಿರಬಾರದು. ಇಟ್ಟಿರಬೇಕು.
ಮೂತಿ ಓಣಿ ಕಡಿ, ಹಿಮ್ಮಡ ಹೊಸ್ತಿಲ ಕಡಿ,
ಎಡದ್ದೆಲ್ಲಾ ಎಡಕ್ಕ, ಬಲದ್ದೆಲ್ಲಾ ಬಲಕ್ಕ.
ಜೋಡಿ ಅನ್ನೂದು ಅವನ ಲೆಕ್ಕದಾಗ ಇಲ್ಲ.

ಹನ್ನೊಂದು ವರ್ಷದವ.
ಹುಟ್ಟಿದ ದಿನಾನ ದವಾಖಾನ್ಯಾಗ ಡಾಕ್ಟರು
ಕಣ್ಣಿನ ವಾರಿ ನೋಡಿ, ಅಂಗೈ ಗೆರಿ ನೋಡಿ
ಒಂದು ಹೆಸರು ಹೇಳಿದ್ರು, ಡೌನ್ ಅಂತ.
ಆರನೇ ವರ್ಷಕ್ಕ ಇನ್ನೊಂದು ಬಂತು, ಆಟಿಸಂ.
ಒಂದು ಸಾಲದಾಯ್ತೇನ, ಅಂದಳು ನಮ್ಮತ್ತಿ.

ಮೊದಮೊದಲ ನಾ ರಟ್ಟಿ ಹಿಡದು ಎಳೀತಿದ್ದೆ,
ಮಂದಿ ನೋಡ್ತಾರ, ಬಾ ಒಳಗ.
ಈ ಮುಂಗೈ ಮ್ಯಾಲಿನ ಆರು ಹಲ್ಲಿನ ಗುರ್ತು ಅವಾಗಿಂದು.
ಅವರಪ್ಪ ಒಮ್ಮೆ ರಾತ್ರಿ ಪಾಳಿ ಮುಗಿಸಿ ಬಂದವ
ಕೈ ಎತ್ತಿದ. ಹೊಡದಾದ ಮ್ಯಾಲ
ತಾನ ಗ್ವಾಡಿಗೆ ಹಣಿ ಹಚ್ಚಿ ನಿಂತ.
ಮರುದಿನ ಮಗ್ಗದಿಂದ ಒಂದು ಡಬ್ಬಿ ಖಾಲಿ ಕಾಂಡಿ ತಂದು
ಮಗನ ಮುಂದ ಸುರುವಿದ.
ರೇವಣ ಮುಟ್ಟಲಿಲ್ಲ.
ಕಾಂಡಿಗೆ ಎಡಾ ಬಲಾ ಎಲ್ಲ್ಯದ?

ತಡೀಬ್ಯಾಡ್ರಿ, ಅಂದ್ರು ಶಾಳಿ ಬಾಯಿ,
ಅದಕ್ಕೊಂದು ಕೊನಿ ಕೊಡ್ರಿ.
ಕೊನಿ ಎಲ್ಲಿಂದ ತರಲಿ?
ಸಾವಿರ ಬೀಡಿ ಸುತ್ತಿದ್ರ ನಂದೊಂದು ದಿನ,
ಇಪ್ಪತ್ತೈದಕ್ಕೊಂದು ಕಟ್ಟು.
ಇಪ್ಪತ್ತನಾಕಕ್ಕ ಯಾರರ ಕೂಗಿದ್ರ ನಂಗೂ ಮೈ ಉರೀತದ,
ಎಣಸಿದ್ದನ್ನ ಮತ್ತ ಎಣಸ್ತೀನಿ.
ಇದಕ್ಕ ಯಾವ ಡಾಕ್ಟರೂ ಹೆಸರಿಟ್ಟಿಲ್ಲ.

ಕಟ್ಟು ಮುಗಿದ್ರ ದಾರಾ ಕತ್ತರಸ್ತೀನಿ. ಕಚಕ್.
ಒಂದು ದಿನ ಆ ಸಪ್ಪಳಕ್ಕ
ಅವ ಕೈಯಾಗಿನ ಚಪ್ಪಲ್ ಬಿಟ್ಟು ತಿರುಗಿ ನೋಡಿದ.
ಅವತ್ತಿಂದ ಅದ ನಮ್ಮ ಗಡಿಯಾರ.
ಇನ್ನ ಎರಡು ಮನಿ, ಅಂತ ಎರಡು ಬೆರಳು.
ಇನ್ನ ಒಂದು.
ಕಚಕ್.
ಎದ್ದು ಬರ್ತಾನ, ಕೈ ತೊಳಕೋತಾನ, ಉಣ್ತಾನ.
ನಾಕು ಸಲದಾಗ ಎರಡು ಸಲ ಬರೂದಿಲ್ಲ.
ಬರದಿದ್ರ ನಾನ ಹೋಗಿ ಬಾಜೂಕ ಕುಂಡರ್ತೀನಿ.
ಸುಳ್ಳ್ಯಾಕ ಹೇಳ್ಲಿ, ಒಮ್ಮೊಮ್ಮೆ ಬೇಕಂತ
ಕತ್ತರಿ ತಡಾ ಮಾಡೇನಿ.
ಅವ ಹೊರಗಿದ್ದಷ್ಟು ಹೊತ್ತು ನನ್ನ ಸಾವಿರ ಸಾಗ್ತದ.

ಮೂರನೇ ಬಾಗಲದ ಪೆಂಟಪ್ಪ ಮಾಮಾ ತೀರಿಕೊಂಡ ದಿನ
ಓಣಿ ತುಂಬ ಚಪ್ಪಲ್, ಅಕ್ಕಲಕೋಟಿ ಬೀಗರ ಬೂಟು.
ಮಂದಿ ಒಳಗ ಅಳೂದರಾಗ
ಇವಂದು ಹೊರಗ ಮುಗಿದಿತ್ತು.
ಎಡದ್ದೊಂದು ಸಾಲು, ಗಟಾರ ತನಾ.
ಬಲದ್ದೊಂದು ಸಾಲು, ನಳದ ತನಾ.
ಹೊರಗ ಬಂದವರು ಒಂದೊಂದು ಕಾಲಿಗೆ
ಒಂದೊಂದು ದಿಕ್ಕಿಗೆ ಕುಂಟಿದ್ರು.
ಒಬ್ಬ ತೆಲುಗಿನಾಗ ಬೈದ, ಒಬ್ಬ ಮರಾಠ್ಯಾಗ.
ಅಳಕೋತ ಬಂದ ಮುದುಕಿಯೊಬ್ಬಾಕಿ
ಫಕ್ಕನ ನಕ್ಕು ಬಾಯಿಗೆ ಸೆರಗು ಹಿಡಕೊಂಡಳು.

ದಿನಾ ಮಾಡಿ ಮುಗಿಸಿದ ಮ್ಯಾಲ
ಮಾಮಾನ ಚಪ್ಪಲ್ ಬಾಗಲದಾಗ ಕಾಣಲಿಲ್ಲ.
ಯಾರಿಗೋ ಕೊಟ್ಟಿರಬೇಕು.
ರೇವಣ ಆ ಖಾಲಿ ಜಾಗಾದ ಮ್ಯಾಲ ಅಂಗೈ ಊರಿ ಕುಂತ,
ಆಮ್ಯಾಲ ನೆಲಾ ಬಡದ, ಆಮ್ಯಾಲ ತನ್ನ ತಲಿ.
ಮೂರು ದಿನ ಎರಡು ಬೆರಳು ನಡೀಲಿಲ್ಲ,
ಕತ್ತರಿ ನಡೀಲಿಲ್ಲ.
ಅವನ ಚೀರಾಟದಾಗ ಚಾಳಿಗೆ ಚಾಳ ಉಂಡಿತು, ಮಲಗಿತು.

ನಾಕನೇ ದಿನ ನರ್ಸಮ್ಮಕ್ಕ ಬಾಗಲಾ ತೆಗೆದಳು.
ಸೆರಗಿನಾಗ ಮುಚ್ಚಿ ತಂದಿದ್ದಳು.
ಕೊಟ್ಟಿಲ್ಲವ್ವಾ, ಟ್ರಂಕಿನ ಹಿಂದ ಇತ್ತು.
ಮಗ ನೋಡಿದ್ರ ಒಗದ ಬಿಡ್ತಾನಂತ...
ಬಲಗಾಲಿನ ಹೆಬ್ಬೆಟ್ಟಿನ ಜಾಗಾ ಸವದು ಹೊಳೀತಿತ್ತು.

ಈಗ ದಿನಾ ಮುಂಜಾನಿ ಹೊರಗಿಡ್ತಾಳ,
ದೀಪಾ ಹಚ್ಚೂ ಹೊತ್ತಿಗೆ ಒಳಗ ಒಯ್ತಾಳ.
ರೇವಣ ಬಂದು ತಿದ್ದತಾನ, ಮೂತಿ ಓಣಿ ಕಡಿ.
ಆಕಿ ಹೊಸ್ತಿಲದಾಗ ನಿಂತು ನೋಡತಾಳ.

ನಿನ್ನಿ ಸಂಜಿ ನನ್ನ ಕಟ್ಟು ಮುಗಿದಿತ್ತು.
ಅವರಿಬ್ಬರೂ ಅಲ್ಲಿ, ಆ ಚಪ್ಪಲ್ ಮುಂದ.
ದಾರದ ತುದಿ ಹಲ್ಲಿನಾಗ ಹಿಡದು
ನಾ ಹಂಗ ಕುಂತೆ.
ಕತ್ತರಿ ಉಡಿಯಾಗ ಇತ್ತು.