ಉಪ್ಪು ತಿಂದ ಗೋಡೆ

ಹದಿನೆಂಟು ಅಡಿ ಎತ್ತರ, ಮ್ಯಾಡಮ್.
ಈ ಊರಲ್ಲಿ ನೆಲವನ್ನು ಎಲ್ಲರೂ ಮಾರುತ್ತಾರೆ,
ನಾವು ಮಾರುವುದು ಎತ್ತರ
ಎಂದು ಹಿಂದಿಯಲ್ಲಿ ಹೇಳುತ್ತೇನೆ, ಹನ್ನೊಂದನೆಯ ಸಲ.
ಅವಳು ಕೈಚೀಲದಿಂದ ಪುಟ್ಟ ಯಂತ್ರ ತೆಗೆದು
ಛಾವಣಿಗೆ ಒಂದು ಕೆಂಪು ಚುಕ್ಕೆ ಇಡುತ್ತಾಳೆ.
ಹದಿನೇಳೂಕಾಲು.
ಚುಕ್ಕೆ ನಡುಗಿ ಆರುತ್ತದೆ.
ನೆಲಕ್ಕೆ ಮರ ಹಾಸಿದೆವಲ್ಲ, ಎನ್ನುತ್ತೇನೆ.
ಮುಕ್ಕಾಲು ಅಡಿ ದಪ್ಪದ ಮರ ಎಲ್ಲಿಯೂ ಇಲ್ಲವೆಂದು
ಇಬ್ಬರಿಗೂ ಗೊತ್ತು.

ಮಜಗಾಂವಿನ ಈ ಕಟ್ಟಡ ಐಸ್ ಫ್ಯಾಕ್ಟರಿಯಾಗಿತ್ತು,
ಈಗ ಗ್ಲೇಸಿಯರ್ ಹೌಸ್.
ಕೆಳಗೆ ಲಾಬಿಯ ಗಾಜಿನ ಪೆಟ್ಟಿಗೆಯಲ್ಲಿ
ಒಂದು ಕಬ್ಬಿಣದ ಕೊಕ್ಕೆ, ಮೇಲೆ ಹಳದಿ ದೀಪ,
ಚಿನ್ನದಂಗಡಿಯ ಸರದ ಹಾಗೆ.
ಅದರಿಂದ ಮಂಜಿನ ದಿಮ್ಮಿ ಎಳೆಯುತ್ತಿದ್ದರು
ಭಾವೂಚಾ ಧಕ್ಕೆಗೆ ಹೋಗುವ ಲಾರಿಗಳಿಗೆ.
ಆ ಧಕ್ಕೆಯಲ್ಲಿ ನನ್ನ ದೊಡ್ಡಮ್ಮ ಸಿಗಡಿ ಸುಲಿಯುತ್ತಿದ್ದಳು.
ಬೆರಳುಗಳು ಮಂಜಿನಲ್ಲಿ ಮುಳುಗಿ ಮುಳುಗಿ
ಬಿಸಿ ಯಾವುದು, ತಣ್ಣಗಿನದು ಯಾವುದು ಮರೆತಿದ್ದವು.
ಕುದಿಯುವ ಚಹಾದ ಲೋಟ ಬರಿಗೈಯಲ್ಲಿ ಹಿಡಿದು
ಆರಿದೆಯೋ ನೋಡು ಎಂದು ನಮ್ಮನ್ನೇ ಕೇಳುತ್ತಿದ್ದಳು.
ಇದನ್ನು ಬ್ರೋಷರಿನಲ್ಲಿ ಹಾಕಿಲ್ಲ.

ಇಟ್ಟಿಗೆ ನೋಡಿ, ಅಸಲಿ, ಬರಿಮೈ.
ವಿದೇಶದಲ್ಲಿ ಇದೇ ಷೋಕಿ.
(ಗಾರೆ ನಿಲ್ಲುವುದಿಲ್ಲ ಎಂಬುದು ಸತ್ಯ.
ಮೂರು ಸಲ ಬಳಿದರು, ಮೂರು ಜೂನಿನಲ್ಲೂ
ಹಪ್ಪಳದಂತೆ ಎದ್ದು ಬಂತು.
ಎಪ್ಪತ್ತು ವರ್ಷ ಉಪ್ಪುನೀರಿನ ತೊಟ್ಟಿಗೆ
ಬೆನ್ನು ಕೊಟ್ಟು ನಿಂತ ಗೋಡೆ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕಲ್ಲ,
ಮಳೆ ಬಂತೆಂದರೆ ಕುಡಿಯುತ್ತದೆ,
ಕುಡಿದು ಬೆವರುತ್ತದೆ.
ಬಿಲ್ಡರನ ಉಪ್ಪು ತಿಂದವಳು ನಾನು,
ನನಗೂ ಸೆಖೆ.)

ಸುರುಳಿ ಮೆಟ್ಟಿಲು ಹತ್ತಿ ಮೇಲೆ ಹೋದಳು.
ಹಾಸಿಗೆ ಇಡುವ ಜಾಗದಲ್ಲಿ ನಿಂತು ಫೋನು ಹಚ್ಚಿದಳು.
‘ಹೂಂ ಅವ್ವಾ, ಅಟ್ಟದ ಮನಿ.
ಇಲ್ಲವ್ವಾ, ಸಾಮಾನಿಡೋ ಅಟ್ಟ ಅಲ್ಲ,
ಮನಷ್ಯಾರು ಮಲಗೋ ಅಟ್ಟ.
ಎಷ್ಟಂದ್ರ? ಹೇಳೂದಿಲ್ಲ, ನಿನ್ನ ಬಿಪಿ ಏರ್ತೈತಿ.
ಅಟ್ಟ ಹತ್ತಿಸಿ ಏಣಿ ತಗೀತಾರ ಅಂತೀಯಾ?
ಏಣಿನೂ ರೊಕ್ಕದಾಗೇ ಸೇರೇತಿ!’
ನಗು ಹದಿನೇಳೂಕಾಲು ಅಡಿ ಇಳಿದು
ನನ್ನ ಕಾಲಬಳಿ ಬಿತ್ತು.

ಎತ್ತಿಕೊಳ್ಳಲಿಲ್ಲ.
ಮನೆಯಲ್ಲಿ ತುಳು. ಕನ್ನಡ ಕೋಟೆಯ ಕಡೆಯ ರಾತ್ರಿಶಾಲೆಯದು,
ಹಗಲೆಲ್ಲ ಹೋಟೆಲಿನ ಲೋಟ ತೊಳೆದು
ಬೆರಳ ಸಂದಿನಲ್ಲಿ ಸೋಪು ಒಣಗಿದ ಹುಡುಗರ ನಡುವೆ
ಟ್ಯೂಬ್‌ಲೈಟಿನ ಕೆಳಗೆ ಕಲಿತದ್ದು.
ಈಗ ಬಾಯಿ ಬಿಟ್ಟರೆ ಯಾವ ಊರು ಎನ್ನುತ್ತಾಳೆ,
ಆಮೇಲೆ ಅಕ್ಕಾ ಎನ್ನುತ್ತಾಳೆ,
ಅಕ್ಕನಾದ ಮೇಲೆ ಕೇಳುವುದು ಒಂದೇ ಪ್ರಶ್ನೆ.
ಶೇಕಡಾ ಎರಡು ಅಂದರೆ ಎಷ್ಟು,
ಮನಸ್ಸಿನಲ್ಲಿ ಇನ್ನೊಮ್ಮೆ ಗುಣಿಸಿದೆ.
ಶಿವ್ಡಿಯ ಖೋಲಿಯ ಬಾಡಿಗೆ, ಮೈದುನನ ಡಯಾಲಿಸಿಸ್,
ಕಳೆದರೂ ಉಳಿಯುತ್ತದೆ. ಉಳಿಯುತ್ತಿತ್ತು.

ಇಳಿಯುವಾಗ ಅವಳ ಹಿಮ್ಮಡಿ ಜಾರಿತು.
‘ಹುಷಾರು! ಅಲ್ಲೊಂದು ಮೆಟ್ಟಿಲು ಗಿಡ್ಡ!’

ಕಾಲು ಉಳಿಯಿತು.
ಮಾತು ಬಿದ್ದು ಚೂರಾಯಿತು.
ಮೂರನೆಯ ಮೆಟ್ಟಿಲಲ್ಲಿ ಹಾಗೇ ಕುಳಿತಳು,
ಕಂಬಿ ಹಿಡಿದ ಕೈ ಬಿಡದೆ,
ನನ್ನನ್ನು ಈಗಷ್ಟೇ ಒಳಗೆ ಬಂದವಳಂತೆ ನೋಡಿದಳು.
ಒಂದು ಗಂಟೆಯಿಂದ ನಾವಿಬ್ಬರೂ
ಎರವಲು ಭಾಷೆಯಲ್ಲಿ ಸುಳ್ಳು ಹೇಳಿಕೊಂಡಿದ್ದೆವು.
ಅವಳದೂ ಇತ್ತು: ಬಜೆಟ್ ಇಷ್ಟೇ ಎಂದದ್ದು.

‘ಅಕ್ಕಾ,’ ಎಂದಳು, ‘ಆ ಗ್ವಾಡಿ ಹೆಂಗೈತಿ?’

ಉತ್ತರಗಳು ಸಾಲಾಗಿ ಬಂದವು, ಎಲ್ಲ ಹಿಂದಿಯಲ್ಲಿ.
ಕನ್ನಡದಲ್ಲಿ ಒಂದೂ ಸಿದ್ಧವಿರಲಿಲ್ಲ.
‘ಬೆರಳು ಒತ್ತಿ,’ ಎಂದೆ,
‘ನಾಲಿಗೆಗೆ ಇಟ್ಟು ನೋಡಿ.’

ಬಂದು ಒತ್ತಿದಳು.
ಎಳೆಗೂಸಿನ ಗಂಜಿ ನೋಡುವಂತೆ ತುದಿನಾಲಿಗೆಗೆ ಮುಟ್ಟಿಸಿ
ಕಣ್ಣು ಮುಚ್ಚಿದಳು.
ಏನೂ ಹೇಳಲಿಲ್ಲ. ಇನ್ನೊಮ್ಮೆ ಒತ್ತಿದಳು.

ಕೆಳಗೆ ಹನ್ನೆರಡನೆಯವರು
ಲಿಫ್ಟಿನ ಗುಂಡಿ ಒತ್ತಿದ್ದು ಕೇಳಿಸಿತು.