ಕತ್ತರಿ ಮಲಗಿದ ಹತ್ತು ದಿನ

ಚಂದ್ರ ಕಂಡ ಎಂದು ಮೊದಲು ಕೂಗಿದವನು ದರ್ಜಿ ಫೆತ್ಹಿ.
ಹೊಲಿಗೆಯಂತ್ರಗಳ ಓಣಿಯ ಗಿರಗಿರ ಒಮ್ಮೆಲೆ ನಿಂತು
ಎಲ್ಲರೂ ಕತ್ತೆತ್ತಿದೆವು.
ಹರಾರಿನ ಕೋಟೆಗೋಡೆಯ ಮೇಲೆ
ಯಾರೋ ಕತ್ತರಿಸಿ ಬಿಸಾಡಿದ ಉಗುರಿನ ಚೂರಿನಂತೆ ಅವನು.

ಅಂದಿನಿಂದ ನನ್ನ ಕತ್ತರಿಗೆ ನಿದ್ದೆ.
ಕುರಿ ಕೊಯ್ಯಬೇಕೆಂದವರು ಕೂದಲು ತೆಗೆಸರು,
ಉಗುರು ಮುಟ್ಟರು ದುಲ್‌ಹಜ್ಜಿನ ಹತ್ತು ದಿನ;
ಬಲಿಯ ಪ್ರಾಣಿ ಕುಂದಿಲ್ಲದೆ ನಿಲ್ಲಬೇಕು,
ಕೊಡುವವನೂ ಹಾಗೇ, ಇಡಿಯಾಗಿ.
ಅಜ್ಜನ ಕಾಲದಲ್ಲಿ ಇಟಲಿಯವರು ಬಿಟ್ಟುಹೋದ ಕುರ್ಚಿ
ಖಾಲಿ ಕೂತು ಕನ್ನಡಿ ನೋಡಿಕೊಳ್ಳುತ್ತದೆ.
ನಾನು ಕತ್ತಿ ಮಸೆಯುತ್ತೇನೆ, ಮತ್ತೆ ಮಸೆಯುತ್ತೇನೆ.

ವರ್ಷದಲ್ಲಿ ಇಂಥ ದಿನಗಳಿಲ್ಲ ಅನ್ನುತ್ತಾರೆ,
ಈ ದಿನಗಳ ಸಣ್ಣ ಒಳಿತೂ
ಬೇರೆ ದಿನಗಳ ಬೆಟ್ಟಕ್ಕೆ ಮಿಗಿಲಂತೆ.
ಕಾಫಿ ಎಲೆಯ ಕಷಾಯ ಸೋಸುತ್ತ ಮುಲೂಕ ಹೇಳುತ್ತಾಳೆ:
'ದೇವರಿಗೆ ಬಲು ಪ್ರಿಯವಾದ ದಿನಗಳು, ಹೌದು.
ನಮ್ಮ ಹಿಟ್ಟಿನ ಡಬ್ಬಿಗೆ ಅಷ್ಟೇನೂ ಅಲ್ಲ.'

ಒಂಬತ್ತನೆಯ ದಿನ, ಅರಫಾ, ಇಬ್ಬರೂ ಉಪವಾಸ.
ಹೋದ ವರ್ಷದ್ದೂ ಬರುವ ವರ್ಷದ್ದೂ ತೊಳೆದುಹೋಗುವ ದಿನ.
ನೆರೆಯವರ ಟಿವಿಯಲ್ಲಿ ಆ ಬಯಲು,
ಬಿಸಿಲಲ್ಲಿ ನಿಂತು ಅಳುವ ಬಿಳಿಬಟ್ಟೆಯ ಜನ.
ಎಲ್ಲರೂ ಎತ್ತಿದ ಕೈಗಳನ್ನು ನೋಡಿದರು;
ನಾನು ಕ್ಷೌರಿಕ, ತಲೆಗಳನ್ನು ನೋಡಿದೆ.
ಕೊಯ್ಲಿಗೆ ಬಂದ ಜೋಳದ ಹೊಲದ ಹಾಗೆ ತಲೆಗಳು!
ನಾಳೆ ಮಿನಾದಲ್ಲಿ ಎಲ್ಲ ಬೋಳು.
ಧಣಿಯದೂ ಹಮಾಲನದೂ ಒಂದೇ ಕಸಬರಿಗೆಯಡಿ.
ಯಾವ ಪುಣ್ಯವಂತನ ಕೈಯೋ ಆ ಕತ್ತಿಯ ಮೇಲೆ,
ಅವನ ಬೆನ್ನೂ ನನ್ನ ಬೆನ್ನಿನಂತೆ ನೋಯುವುದೋ.

ಹಬ್ಬದ ಬೆಳಗು. ನಮಾಜು ಮುಗಿಸಿ ಬಂದರೆ
ಬಾಗಿಲಲ್ಲಿ ಆಗಲೇ ಮೂಟೆ ಹೊರುವ ಕೆಲೀಫ,
ಜಡೆಗಟ್ಟಿದ ತಲೆ, ಮಣ್ಣು ತುಂಬಿದ ಉಗುರು.
'ನಿನಗೇನಯ್ಯ ವ್ರತ? ಕುರಿ ಎಲ್ಲಿದೆ?'
'ಇರುವುದೊಂದು ಮೇಕೆ, ಅದೂ ಬೇರೆಯವರದು,
ಹಾಲು ಕುಡಿದುಕೊಳ್ಳಿ ಎಂದು ಕೊಟ್ಟದ್ದು.
ಅದನ್ನು ಕೊಯ್ಯಲೇ ಎಂದು ಓದಿದ ಮುದುಕಿಯನ್ನು ಕೇಳಿದೆ.
ಬೇಡ ಮಗಾ ಅಂದಳು. ಹಿಂದೆಯೂ ಒಬ್ಬ
ನಿನ್ನ ಹಾಗೇ ಕೇಳಿದ್ದನಂತೆ ನಮ್ಮ ಪೈಗಂಬರರನ್ನು.
ಕೂದಲು ತೆಗೆಸು, ಮೀಸೆ ಕತ್ತರಿಸು, ಉಗುರು ತೆಗೆ,
ಅಲ್ಲಾಹನ ಬಳಿ ಅದೇ ನಿನ್ನ ಪೂರ್ಣ ಬಲಿ, ಅಂದರಂತೆ.'
ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ.
'ಸರಿಯಾಗಿ ಕತ್ತರಿಸು ಬೆದ್ರಿ. ಇದು ನನ್ನ ಕುರಿ.'

ಮೂವತ್ತು ವರ್ಷ ಯಾರ ಕಿವಿಯನ್ನೂ ಗಾಯಮಾಡದ ಕೈ
ನಡುಗಿತು.
ಕನ್ನಡಿಗೆ ಬೆನ್ನುಮಾಡಿ ಕುರ್ಚಿಯನ್ನು
ಉತ್ತರಕ್ಕೆ, ಮಕ್ಕಾದ ಕಡೆಗೆ, ತಿರುಗಿಸಿದೆ.
ಬಿಸ್ಮಿಲ್ಲಾ ಅಂದೆ. ಹೊರಗೆ ಓಣಿತುಂಬ ತಕ್ಬೀರ್.
ಒಂದೊಂದೇ ಎಳೆ ಸದ್ದಿಲ್ಲದೆ ಬಿತ್ತು,
ರಕ್ತವಿಲ್ಲ, ಒದ್ದಾಟವಿಲ್ಲ,
ನಡುವೆ ಒಮ್ಮೆ ಅವನು ಸೀನಿದ, ಅಷ್ಟೆ.

ಹಣ ತೆಗೆದ. ನಾನು ಮುಟ್ಟಲಿಲ್ಲ.
ಬಲಿಯ ಚರ್ಮ ಕಟುಕನ ಕೂಲಿಗೆ ಸಲ್ಲದು ಎಂಬ ನಿಯಮ
ಇಲ್ಲಿಗೂ ಅನ್ವಯಿಸುತ್ತದೋ ಇಲ್ಲವೋ, ಬಲ್ಲವರು ಹೇಳಲಿ.

ಮಧ್ಯಾಹ್ನ ಬಂದರು ತೋಳಿಗೆ ರಕ್ತ ಮೆತ್ತಿದವರು,
ನಗುತ್ತ, ಕೊಬ್ಬಿನ ವಾಸನೆ ಹೊತ್ತು,
ಎರಡು ದುಡ್ಡು ಹೆಚ್ಚೇ ಕೊಟ್ಟು ಹೋದರು.
ಫೆತ್ಹಿಯ ಮನೆಯಿಂದ ಬಟ್ಟಲು ತುಂಬ ಮಾಂಸ ಬಂತು.
ರಾತ್ರಿ ಕೋಟೆಯ ಕಿಂಡಿಯಿಂದ ನುಸುಳಿದ ಕತ್ತೆಕಿರುಬಗಳು
ಮನೆಮನೆಯ ಮೂಳೆ ಹೆಕ್ಕಿ
ಅಂಗಡಿಯ ಮುಂದೆ ನಿಂತು ಮೂಸಿ ಮುಂದೆ ಹೋದವು.
ಕೆಲೀಫನ ಕೂದಲನ್ನು ನಾನು ಗುಡಿಸಿರಲಿಲ್ಲ;
ದಾಳಿಂಬೆ ಗಿಡದ ಬುಡದಲ್ಲಿ ಹೂತಿಟ್ಟಿದ್ದೆ.

ಆಮೇಲೆ ದೀಪದ ಹತ್ತಿರ ಕೂತು
ಮುಲೂಕಳ ಮುಂದೆ ಕೈ ಚಾಚಿದೆ:
ನಮ್ಮ ಮನೆಯಲ್ಲೂ ಕುರಿಯಿಲ್ಲವಲ್ಲ.
ಅವಳು ಒಂದೊಂದೇ ಉಗುರು ತೆಗೆದಳು, ನಿಧಾನ,
ಹಿಟ್ಟಿನ ಡಬ್ಬಿಯ ಮಾತೆತ್ತಲಿಲ್ಲ.
ಕಿಟಕಿಯಲ್ಲಿ ಚಂದ್ರ
ಯಾರೂ ಮುಟ್ಟದೆ ಬಿಟ್ಟದ್ದಕ್ಕೋ ಏನೋ
ಹತ್ತು ದಿನದಲ್ಲಿ ಎಷ್ಟು ಬೆಳೆದಿದ್ದ.