ಇಪ್ಪತ್ತೈದನೆಯದು

ಮಗಳ ಶಾಲೆಗೆ ಮೊನ್ನೆ ಮಂಗಳೂರಿನಿಂದ
ಪೊಲೀಸ್ ಮೇಡಮ್ ಬಂದಿದ್ದರಂತೆ.
ಊಟಕ್ಕೆ ಕೂತವಳು ಎಡಗೈ ಎತ್ತಿ ತೋರಿಸಿದಳು:
ಹೆಬ್ಬೆರಳನ್ನು ಅಂಗೈಗೆ ಮಡಚಬೇಕು,
ಮೇಲಿಂದ ನಾಲ್ಕು ಬೆರಳು ಮುಚ್ಚಬೇಕು.
ಬಾಯಿ ಬಿಡುವುದು ಬೇಡ,
ನೋಡಿದವರಿಗೆ ಗೊತ್ತಾಗುತ್ತದೆ.

ನನಗೆ ಕಂಡದ್ದು ಬೇರೆ.
ಬೀಡಿ ಎಲೆಯೊಳಗೆ ಒಂದು ಚಿಟಿಕೆ ಹೊಗೆಸೊಪ್ಪು,
ಅದರ ಮೇಲೆ ಮಡಚಿಕೊಳ್ಳುವ ಅಮ್ಮನ ಬೆರಳು.
ಸಾವಿರ ಬೀಡಿಗೆ ಸಾವಿರ ಸಲ
ಮುಚ್ಚಿ ತೆರೆಯುತ್ತಿತ್ತು ಆ ಕೈ.
ಯಾರು ನೋಡಿದರು?

ಗುರುಪುರ. ಸಂಕದ ಆಚೆ ಬೀಡಿ ಬ್ರಾಂಚು.
ನನಗೆ ಒಂಬತ್ತು ವರ್ಷ, ತಲೆಯ ಮೇಲೆ ಬುಟ್ಟಿ,
ಬುಟ್ಟಿಯಲ್ಲಿ ನಲವತ್ತು ಕಟ್ಟು,
ಕಟ್ಟಿಗೆ ಇಪ್ಪತ್ತೈದು.
ಅಮ್ಮ ಎಣಿಸುತ್ತಿರಲಿಲ್ಲ, ಅವಳ ಮುಷ್ಟಿ ಎಣಿಸುತ್ತಿತ್ತು.
ತಪ್ಪಿದ್ದೇ ಇಲ್ಲ.

ಆ ಶುಕ್ರವಾರ ಒಂದು ಕಟ್ಟು ಸಡಿಲ.
ಸಂಕದ ಬದಿಗೆ ಕೂತು ಎಣಿಸಿದೆ,
ಇಪ್ಪತ್ತನಾಲ್ಕು.
ಇನ್ನೊಮ್ಮೆ.
ಇಪ್ಪತ್ತನಾಲ್ಕೇ.
ನನ್ನ ಕಂಪಾಸು ಪೆಟ್ಟಿಗೆಯಲ್ಲಿ ಒಂದು ಬೀಡಿಯಿತ್ತು,
ಕದ್ದ ಎಲೆಯಲ್ಲಿ ನಾನೇ ಕಟ್ಟಿದ್ದು, ಮೊದಲನೆಯದು,
ಬಾಯಿ ಕೊಂಚ ವಾರೆ.
ಇರಲಿ, ನೂಲು ಸರಿಸಿ ನಡುವೆ ತೂರಿಸಿದೆ.
ಚೆಕ್ಕರ್ ಅಮ್ಮನಿಗೆ ಬೈಯಬಾರದಲ್ಲ.

ಕಟ್ಟುಗಳನ್ನು ಟ್ರೇಗೆ ಜೋಡಿಸುವ ಲೋಲಾಕ್ಷಕ್ಕ
ಒಂದೊಂದನ್ನೂ ಹಿಚುಕಿ ನೋಡಿದಳು.
ಮನೆಯಲ್ಲಿ ಎಲ್ಲ ಸರಿ ಉಂಟಾ? ಕೇಳಿದಳು.
ಸರಿ ಉಂಟು, ಅಂದೆ.
ಅವಳ ಮುಖ ಹಗುರಾದದ್ದು ನೆನಪಿದೆ.
ಒಂದು ಪೆಪ್ಪರ್‌ಮಿಂಟ್ ಕೊಟ್ಟಳು.

ಆ ರಾತ್ರಿ ಅಮ್ಮ ಮೂರು ಸಲ ಜಗಲಿಗೆ ಬಂದು
ಗದ್ದೆಯ ಹುಣಿಯ ಕಡೆ ನೋಡಿದಳು.
ನಾಯಿಗೆ ಅನ್ನ ಹಾಕಲಿಕ್ಕೆ, ಅಂದಳು.
ನಮಗೆ ನಾಯಿ ಇರಲಿಲ್ಲ.
ಆಮೇಲಿನದೆಲ್ಲ ನಾನು
ಹೊದಿಕೆಯೊಳಗಿಂದ ಕೇಳಿದ್ದು ಮಾತ್ರ.

ಬೆಳಿಗ್ಗೆ ತಡ್ಪೆ ಮುರಿದಿತ್ತು,
ಅಮ್ಮನ ಎಡಗೈ ಮಣಿಗಂಟು ಬಾತಿತ್ತು,
ಎಲೆಯನ್ನು ಕಾಲಬೆರಳಲ್ಲಿ ಒತ್ತಿ ಹಿಡಿದು
ಕತ್ತರಿಸುತ್ತಿದ್ದಳು.
ಆಗ ನಾನು ಹೇಳಿದೆ, ಹೆಮ್ಮೆಯಿಂದಲೇ:
ನಿನ್ನೆ ನಿನ್ನ ಲೆಕ್ಕ ತಪ್ಪಿತ್ತು, ನಾನು ಸರಿ ಮಾಡಿದೆ.
ಕತ್ತರಿ ನಿಂತಿತು.
ಬೈಯಲಿಲ್ಲ.
ಚಂದ ಕಟ್ಟಿದ್ದೆಯಾ? ಅಂತ ಕೇಳಿದಳು.

ಮುಂದಿನ ವಾರ ಅವಳು ಲೆಕ್ಕವನ್ನು ನಂಬಲಿಲ್ಲ.
ರಿಬ್ಬನ್ ಒಗೆದು ಹಾಕಿದ್ದೇನೆಂದು
ನನ್ನ ಜಡೆಗೆ ಬೀಡಿಯ ಕೆಂಪು ನೂಲು ಕಟ್ಟಿದಳು.
ಲೋಲಾಕ್ಷಕ್ಕ ಜಡೆ ನೋಡಿದಳು. ಟ್ರೇ ಬದಿಗಿಟ್ಟಳು.
ಪೆಪ್ಪರ್‌ಮಿಂಟ್ ಮರೆತಳು.

ಏಳು ಗಂಟೆಗೆ ಬಂದರು:
ಲೋಲಾಕ್ಷಕ್ಕ, ಐಸಮ್ಮ, ಫ್ಲೋರಿನ್ ಬಾಯಿ,
ಮೊಲೆಕೂಸನ್ನು ಕಟ್ಟಿಕೊಂಡು ಕುಟ್ಟಿಯಕ್ಕ.
ಒಬ್ಬೊಬ್ಬರ ಸೊಂಟದಲ್ಲಿ ಒಂದೊಂದು ತಡ್ಪೆ.
ನಮ್ಮಲ್ಲಿ ಕರೆಂಟಿಲ್ಲ ವಾರಿಜಾ,
ನಿನ್ನ ದೀಪಕ್ಕೆ ಕೂತು ಕಟ್ಟುತ್ತೇವೆ.
ಅವರ ಮನೆಗಳ ದೀಪ ಉರಿಯುತ್ತಿದ್ದದ್ದು
ನಮ್ಮ ಜಗಲಿಯಿಂದಲೇ ಕಾಣುತ್ತಿತ್ತು.

ಅಪ್ಪ ಬಂದ, ಮೆಟ್ಟಿಲಲ್ಲಿ ನಿಂತ, ಕೆಮ್ಮಿದ.
ಯಾರೂ ತಲೆ ಎತ್ತಲಿಲ್ಲ.
ಐದು ಕತ್ತರಿಗಳು ಎಲೆ ಕತ್ತರಿಸುತ್ತಿದ್ದವು,
ಕಚ, ಕಚ, ಕಚ.
ಬಾಯಿಗಿಟ್ಟ ಬೀಡಿ ಹಚ್ಚಲು ಮರೆತು
ಹಾಗೆಯೇ ಒಳಗೆ ಹೋಗಿ ಮಲಗಿದ.

ಹನ್ನೊಂದು ರಾತ್ರಿ ಬಂದರು.
ಹನ್ನೆರಡನೆಯ ಬೆಳಿಗ್ಗೆ ಅಮ್ಮ
ಪಾಸ್‌ಬುಕ್ಕನ್ನು ರವಿಕೆಯೊಳಗಿಟ್ಟು, ನನ್ನ ಕೈ ಹಿಡಿದು
ಮೂಡುಬಿದಿರೆಯ ಬಸ್ಸು ಹತ್ತಿದಳು.
ಟಿಕೆಟಿನ ಚಿಲ್ಲರೆ ಐಸಮ್ಮನದು.

ಕೈ ಇಳಿಸು, ಅನ್ನ ಆರುತ್ತದೆ, ಎಂದೆ ಮಗಳಿಗೆ.
ಸೊಸೈಟಿ ಬ್ಯಾಂಕಿನಲ್ಲಿ ನೋಟು ಎಣಿಸುವುದು ನನ್ನ ಕೆಲಸ.
ನೂರರ ಕಟ್ಟು ಸರಿಯಾಗಿ ನೂರಿದ್ದರೆ
ಗಾಜಿನ ಆಚೆ ನಿಂತವಳ ಮುಖ
ಇನ್ನೊಮ್ಮೆ ನೋಡುತ್ತೇನೆ.
ಜಡೆಯನ್ನೂ.